ಬೀಗದ ಡಾಕ್ಟರಿಗೆ ಒಬ್ಬ ಷಡ್ಡಕ

ಡಾಕ್ಟರ ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಅವರ ಹೆಂಡತಿ ನನ್ನನ್ನು ಕರೆಸಿಕೊಂಡರು. ನಡುಮನೆಯ ಚಾಪೆಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ಒಳಗಿನಿಂದ ಒಂದು ಹಿತ್ತಾಳೆ ತಟ್ಟೆ ತಂದು ಮುಂದಿಟ್ಟರು. ತಟ್ಟೆಯ ತುಂಬ ಬೀಗದಕೈಗಳು. ಈ ಮನೆಗೆ ಇರುವುದೇ ಮೂರು ಬೀಗ, ಉಳಿದವು ಯಾತರವೋ ನೋಡಿ ಹೇಳು, ಅವರ ಹಿಂದೆ ಕೂತು ಊರೂರು ತಿರುಗಿದವನು ನೀನೇ ತಾನೆ ಅಂದರು. ನಾನು ಕನ್ನಡಕ ಏರಿಸಿಕೊಂಡು ಒಂದೊಂದೇ ಎತ್ತಿ ನೋಡಿದೆ. ಅವರ ಮೋಟಾರ್ ಸೈಕಲ್ಲಿನ ಮುಂದಿನ ಚಕ್ರದ್ದು ಸಿಕ್ಕಿತು, ಹಿಂದಿನ ಚಕ್ರದ್ದು ಸಿಕ್ಕಿತು, ಸರಪಳಿಯ ಬೀಗದ್ದೂ ಸಿಕ್ಕಿತು. ಉದ್ದ ಕತ್ತಿನ ಒಂದು ಚೆಂದದ ಬೀಗದಕೈ ಮಾತ್ರ ಯಾವ ಬೀಗದ್ದೂ ಅಲ್ಲ. ಅದನ್ನು ಡಾಕ್ಟರು ಕಳ್ಳನ ಕೈಗೆ ಸಿಗಲಿ ಅಂತಲೇ ಮಾಡಿಸಿ ಮೋಟಾರ್ ಸೈಕಲ್ಲಿನ ಚೀಲದಲ್ಲಿ ಇಡುತ್ತಿದ್ದರು. ಕಳ್ಳ ಅದನ್ನು ಎಲ್ಲ ಬೀಗಕ್ಕೂ ಹಾಕಿ ತಿರುಗಿಸುತ್ತ ಕೂರುವಷ್ಟರಲ್ಲಿ ತಾವು ಬಂದುಬಿಡಬಹುದು ಅನ್ನುವುದು ಅವರ ಲೆಕ್ಕಾಚಾರ. ಇದನ್ನು ಹೇಳಿದಾಗ ಅಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ.

ಐವತ್ತರ ದಶಕದ ಕೊನೆಯಲ್ಲಿ ಅವರು ಹಿಂದೂಪುರದ ದನದ ಆಸ್ಪತ್ರೆಗೆ ಡಾಕ್ಟರಾಗಿ ಬಂದಾಗ ನಾನು ಅಲ್ಲಿ ಕಾಂಪೌಂಡರು. ಅವರು ಬರುವ ಮೊದಲು ಅವರ ಸದ್ದು ಬಂತು. ಬೆಂಗಳೂರಿನ ಮಿಲಿಟರಿ ಹರಾಜಿನಲ್ಲಿ ಹಿಡಿದ ಹಳೆಯ ಮೋಟಾರ್ ಸೈಕಲ್ಲು ಅದು, ಪಾಚಿ ಬಣ್ಣದ್ದು, ಕೂತವನ ಹಲ್ಲೆಲ್ಲ ಕಟಕಟ ಅನ್ನಿಸುವಂಥದ್ದು. ಆಸ್ಪತ್ರೆಯ ಅಂಗಳದಲ್ಲಿ ಕಟ್ಟಿದ್ದ ಎರಡು ಎಮ್ಮೆ ಹಗ್ಗ ಕಿತ್ತುಕೊಂಡು ಹುಣಸೆಹಣ್ಣಿನ ಮಂಡಿಗಳ ಕಡೆ ಓಡಿದವು. ಡಾಕ್ಟರು ಇಳಿದರು. ಕುಳ್ಳಗೆ, ದಪ್ಪ ಮೀಸೆ, ತಲೆಗೆ ಬಿಸಿಲ ಟೋಪಿ. ನಾನು ನಮಸ್ಕಾರ ಮಾಡಿದೆ. ಅವರು ಪ್ರತಿನಮಸ್ಕಾರ ಮಾಡಲಿಲ್ಲ, ಗಾಡಿ ಕಟ್ಟಲು ಗಟ್ಟಿಯಾದ ಕಲ್ಲುಗೂಟ ಯಾವುದು ಅಂತ ಕೇಳಿದರು.

ಆ ದಿನ ನಾನು ಮೊದಲ ಸಲ ಆ ಪೂಜೆ ನೋಡಿದೆ. ಪೂಜೆ ಅಂತಲೇ ಅನ್ನಬೇಕು, ಅಷ್ಟು ವಿಧಿ ಅದಕ್ಕೆ. ಮೊದಲು ಪೆಟ್ರೋಲಿನ ತಿರುಪು ಮುಚ್ಚುವುದು. ಮುಂದಿನ ಚಕ್ರಕ್ಕೆ ಒಂದು ಬೀಗ, ಹಿಂದಿನದಕ್ಕೆ ಒಂದು. ಬಾವಿಯ ಹಗ್ಗದಷ್ಟು ದಪ್ಪದ ಸರಪಳಿಯನ್ನು ಎರಡೂ ಚಕ್ರದೊಳಗೆ ತೂರಿಸಿ ಗೂಟಕ್ಕೆ ಸುತ್ತಿ ಮೂರನೆಯ ಬೀಗ. ಕೊನೆಗೆ ಇಂಜಿನ್ನಿನಿಂದ ಪ್ಲಗ್ಗಿನ ವೈರನ್ನು ಕಿತ್ತು, ಒರೆಸಿ, ಸುತ್ತಿ, ಅಂಗಿಯ ಜೇಬಿಗೆ ಇಳಿಬಿಡುವುದು. ಆ ವೈರು ಇಲ್ಲದೆ ಗಾಡಿಗೆ ಜೀವ ಬರುವುದಿಲ್ಲ. ಇಷ್ಟಾದ ಮೇಲೆ ಹತ್ತು ಹೆಜ್ಜೆ ನಡೆದು, ನಿಂತು, ತಿರುಗಿ ಬಂದು, ಮೂರೂ ಬೀಗಗಳನ್ನು ಒಮ್ಮೆ ಜಗ್ಗಿ ನೋಡುವುದು. ಅಲ್ಲಿಯವರೆಗೆ ರೋಗಿ ಕಾಯಬೇಕು. ಹೊಟ್ಟೆ ಉಬ್ಬರಿಸಿದ ಎತ್ತನ್ನು ಹಿಡಿದುಕೊಂಡು ಬಂದಿದ್ದ ಲೇಪಾಕ್ಷಿಯ ರೈತನೊಬ್ಬ ಈ ಪೂಜೆ ಮುಗಿಯುವಷ್ಟರಲ್ಲಿ ತನ್ನ ಎತ್ತು ತಾನೇ ಗಾಳಿ ಬಿಟ್ಟು ಹಗುರಾಯಿತು ಅಂತ ಹೇಳಿ, ಡಾಕ್ಟರಿಗೆ ಕೈಮುಗಿದು, ಮನೆಗೆ ಹೊಡೆದುಕೊಂಡು ಹೋದ. ಆ ವಾರವೇ ಊರು ಅವರಿಗೆ ಬೀಗದ ಡಾಕ್ಟರು ಅಂತ ಹೆಸರಿಟ್ಟಿತು.

ತಮಾಷೆ ಅಂದರೆ ಆಗ ಹಿಂದೂಪುರದಲ್ಲಿ ಇದ್ದ ಮೋಟಾರ್ ಸೈಕಲ್ಲುಗಳು ಬೆರಳೆಣಿಕೆಯಷ್ಟು. ಓಡಿಸಲು ಬರುತ್ತಿದ್ದವರು ಅದಕ್ಕಿಂತ ಕಡಿಮೆ. ಮಂಡಿಯ ಸಾಹುಕಾರರೊಬ್ಬರು ಒಮ್ಮೆ ಹಸುವಿಗೆ ಔಷಧಿ ತೆಗೆದುಕೊಳ್ಳಲು ಬಂದವರು ಇದನ್ನೇ ಎತ್ತಿದರು. ಯಾರಿಗೂ ಓಡಿಸೋಕೆ ಬಾರದ ಗಾಡಿಗೆ ಇಷ್ಟೊಂದು ಬೀಗ ಯಾಕೆ ಅಂತ. ಡಾಕ್ಟರು ಔಷಧಿ ಅರೆಯುತ್ತಲೇ, "ಓಡ್ಸೋಕೆ ಬರೋನು ಕೇಳಿ ತಗೊಂಡು ಹೋಗ್ತಾನೆ ಸಾಹುಕಾರ್ರೇ, ಬಾರ್ದೋನೇ ಕದಿಯೋದು" ಅಂದರು. ಸಾಹುಕಾರರು ಅದನ್ನು ಮಂಡಿಗೆ ಹೊತ್ತುಕೊಂಡು ಹೋಗಿ ಆರು ತಿಂಗಳು ಮಾರಿದರು.

ಬೀಗ ಸಾಲದು ಅನ್ನಿಸಿದಾಗ ಡಾಕ್ಟರು ಸದ್ದಿನ ಕಡೆ ತಿರುಗಿದರು. ಗಾಡಿಯನ್ನು ಯಾರಾದರೂ ಮುಟ್ಟಿದರೆ ತಾನೇ ಕೂಗಿಕೊಳ್ಳಬೇಕು ಅನ್ನುವುದು ಅವರ ಆಸೆ. ಮೊದಲು ಒಂದು ಬ್ಯಾಟರಿ, ಒಂದು ಹಾರ್ನು, ಸೀಟಿನ ಕೆಳಗೆ ಒಂದು ತಗಡಿನ ತುಂಡು ಹಾಕಿ ಏನೋ ಮಾಡಿದರು. ಸೀಟು ಅಲುಗಿದರೆ ಹಾರ್ನು. ಕಳ್ಳ ಬರಲಿಲ್ಲ, ಮೇಕೆಗಳು ಬಂದವು. ಸೀಟಿನ ಚರ್ಮದ ರುಚಿ ಹತ್ತಿದ ಒಂದು ಹೋತ ದಿನಕ್ಕೆ ನಾಲ್ಕು ಸಲ ಹಾರ್ನು ಬಾರಿಸುತ್ತಿತ್ತು. ಪ್ರತಿ ಸಲವೂ ಡಾಕ್ಟರು ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದರು. ಒಮ್ಮೆ ಎತ್ತಿನ ಬಾಯಿಗೆ ಮೊಳಕೈವರೆಗೆ ಕೈ ಹಾಕಿ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಬೆಲ್ಲದಚ್ಚು ತೆಗೆಯುತ್ತಿದ್ದಾಗ ಹಾರ್ನು ಆಯಿತು. ಅವರು ಕೈ ಕಿತ್ತುಕೊಂಡು ಓಡಿದ ರಭಸಕ್ಕೆ ಬೆಲ್ಲವೂ ಹೊರಗೆ ಬಂತು. ಎತ್ತಿನ ಯಜಮಾನ ಅದೇ ಚಿಕಿತ್ಸೆ ಅಂದುಕೊಂಡ.

ಹಾರ್ನಿನ ಆಸೆ ಬಿಟ್ಟ ಮೇಲೆ ಗಂಟೆಗಳು ಬಂದವು. ಎತ್ತು ಬದುಕಿಸಿಕೊಟ್ಟ ಸಂತೋಷಕ್ಕೆ ರೈತರು ತಂದುಕೊಟ್ಟ ಎತ್ತಿನ ಗಂಟೆಗಳು ಅವರ ಮನೆಯ ಗೂಡಿನಲ್ಲಿ ರಾಶಿ ಬಿದ್ದಿದ್ದವು. ಅವುಗಳಲ್ಲಿ ಒಳ್ಳೆಯ ಕಂಚಿನ ಏಳನ್ನು ಆರಿಸಿ ಹಿಂದಿನ ಮಡ್‌ಗಾರ್ಡಿನ ಕೆಳಗೆ ಸಾಲಾಗಿ ತೂಗುಹಾಕಿದರು. ಓಡಿಸುವಾಗ ಅವನ್ನು ಒಂದು ಚರ್ಮದ ಪಟ್ಟಿಯಿಂದ ಬಿಗಿದುಬಿಡುವುದು. ನಿಲ್ಲಿಸಿದಾಗ ಪಟ್ಟಿ ಬಿಚ್ಚುವುದು. ಗಾಡಿ ಒಂದು ಅಂಗುಲ ಅಲುಗಿದರೂ ಏಳೂ ಬಾಯಿ ಬಿಡುತ್ತಿದ್ದವು. ಪರೀಕ್ಷೆಯ ದಿನ ಅಂಗಳದ ಎತ್ತುಗಳೆಲ್ಲ ಕಿವಿ ನಿಗುರಿಸಿ ನೋಡಿದವು. ಡಾಕ್ಟರು ನನ್ನನ್ನೂ ಹಾಗೇ ನೋಡಿದರು, ಹೊಗಳಲಿ ಅಂತ. ನಾನು ಹೊಗಳಿದೆ. ನನ್ನ ತಪ್ಪೂ ಅದರಲ್ಲಿ ಇದೆ.

ಇದೆಲ್ಲ ಜಿಪುಣತನ ಅಂತ ನಾನೂ ಬಹಳ ದಿನ ತಿಳಿದುಕೊಂಡಿದ್ದೆ. ಬೆನ್ನ ಹಿಂದೆ ಅವರ ನಡಿಗೆ ಅಣಕಿಸಿ ತೋರಿಸುವುದರಲ್ಲಿ ನಾನೇ ಮುಂದು. ಹತ್ತು ಹೆಜ್ಜೆ ನಡೆದು ತಿರುಗುವುದನ್ನು ನಾನು ಮಾಡಿದರೆ ಆಸ್ಪತ್ರೆಯ ಮುಂದಿನ ಕಾಫಿ ಕ್ಲಬ್ಬಿನಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರು. ಒಂದು ದಿನ ಚಿಲಮತ್ತೂರಿನಿಂದ ವಾಪಸು ಬರುವಾಗ ಚಕ್ರ ಪಂಕ್ಚರ್ ಆಯಿತು. ರಸ್ತೆ ಬದಿಯ ಹುಣಸೆಮರದ ಕೆಳಗೆ ಕೂತು ಟ್ಯೂಬಿಗೆ ತೇಪೆ ಹಾಕುತ್ತಿದ್ದಾಗ, ಕಳ್ಳರಿಗೆ ಇಷ್ಟು ಹೆದರುವುದು ಯಾಕೆ ಸಾರ್ ಅಂತ ಕೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. ತೇಪೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದುಕೊಂಡೇ ಹೇಳಿದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರೆ ಯಾವುದೋ ಜಿಲ್ಲೆಯಲ್ಲಿ ಅವರ ಸೈಕಲ್ಲು ಕಳುವಾಗಿತ್ತು. ಠಾಣೆಗೆ ಹೋಗಿ ಬರೆದುಕೊಟ್ಟರು. ಕೆಲವು ಕುಲದವರನ್ನು ಹುಟ್ಟುಗಳ್ಳರು ಅಂತ ಬರೆದಿಟ್ಟುಕೊಂಡಿದ್ದ ಬಿಳಿಯರ ಕಾಲದ ಪುಸ್ತಕವೊಂದು ಆಗ ಠಾಣೆಗಳಲ್ಲಿ ಇರುತ್ತಿತ್ತಲ್ಲ, ಪೊಲೀಸರು ಅದನ್ನು ತೆಗೆದು ಒಬ್ಬನನ್ನು ಹಿಡಿದು ತಂದರು. ಎರಡು ದಿನ ಹೊಡೆದರು. ಮೂರನೆಯ ದಿನ ಅವನು ಹೌದು ನಾನೇ ಕದ್ದೆ, ಬಾವಿಗೆ ಹಾಕಿದ್ದೀನಿ ಅಂದ. ಬಾವಿಗೆ ಪಾತಾಳಗರಡಿ ಇಳಿಸಿ ಹುಡುಕಿದರು, ಸಿಗಲಿಲ್ಲ. ಮತ್ತೆ ಹೊಡೆದರು. ಐದನೆಯ ದಿನ ಡಾಕ್ಟರಿಗೆ ರೈಲು ಸ್ಟೇಷನ್ನಿನಿಂದ ಚೀಟಿ ಬಂತು. ಸೈಕಲ್ಲು ಪಾರ್ಸೆಲ್ ಕೋಣೆಯಲ್ಲಿತ್ತು. ಹೋಗುವಾಗ ಅಲ್ಲಿ ಬಿಟ್ಟು ರೈಲು ಹತ್ತಿದವರು ಬರುವಾಗ ಬಸ್ಸಿನಲ್ಲಿ ಬಂದಿದ್ದರು, ಮರೆತಿದ್ದರು, ಅಷ್ಟೆ. ಏಟು ತಿಂದವನ ಮನೆ ಹುಡುಕಿಕೊಂಡು ಹೋದರಂತೆ. ಬಲಗೈ ಮೇಲೆ ಏಳುತ್ತಿರಲಿಲ್ಲ. ಅವನು ಎಡಗೈಯನ್ನೇ ಹಣೆಗೆ ಮುಟ್ಟಿಸಿ, ಸೈಕಲ್ಲು ಸಿಕ್ತಲ್ಲ ಸಾಮಿ, ಒಳ್ಳೇದಾಯ್ತು ಅಂದನಂತೆ.

"ನಾನು ಕಳ್ಳನಿಗೆ ಹೆದ್ರಲ್ಲ ಕಣಯ್ಯ," ಅಂದರು ಡಾಕ್ಟರು. "ಕಳುವಾದ್ರೆ ಕಳ್ಳ ಸಿಗ್ತಾನೋ ಬಿಡ್ತಾನೋ, ಏಟು ತಿನ್ನೋಕೆ ಒಬ್ಬ ಸಿಕ್ಕೇ ಸಿಗ್ತಾನೆ. ಅದಕ್ಕೇ ಕಳುವೇ ಆಗಬಾರದು."

ಅವರು ಯಾರನ್ನು ನೆನೆಸಿಕೊಂಡು ಹಾಗೆ ಹೇಳಿದರು ಅನ್ನುವುದು ನನಗೆ ಗೊತ್ತಾಯಿತು. ಆಸ್ಪತ್ರೆಯ ಗೇಟಿನ ಪಕ್ಕ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ನರ್ಸಿಮ್ಲು ಅಂತ ಒಬ್ಬನಿದ್ದ. ಎಂಥ ಹಾಯುವ ಎತ್ತನ್ನೂ ಒಂದು ಹಗ್ಗದಲ್ಲಿ ಹೂವಿನಂತೆ ಕೆಡವುತ್ತಿದ್ದ. ಡಾಕ್ಟರಿಗೆ ಅವನಿಲ್ಲದೆ ಒಂದು ಸೂಜಿಯನ್ನೂ ಹಾಕಲು ಆಗುತ್ತಿರಲಿಲ್ಲ. ಅವನ ಕುಲವೂ ಆ ಪುಸ್ತಕದಲ್ಲಿತ್ತು. ಆ ಪುಸ್ತಕ ಬರೆಸಿದ ಕಾನೂನು ರದ್ದಾಗಿ ಕೆಲವು ವರ್ಷ ಆಗಿದ್ದರೂ, ಊರಿನಲ್ಲಿ ಒಂದು ಕೋಳಿ ಕಾಣೆಯಾದರೆ ಜನ ಮೊದಲು ನೋಡುತ್ತಿದ್ದುದು ಅವನ ಮುಖವನ್ನು. ಗಾಡಿ ನಿಲ್ಲುತ್ತಿದ್ದುದು ಅವನು ಕೂರುವ ಜಾಗದಿಂದ ನಾಲ್ಕು ಮಾರು ದೂರದಲ್ಲಿ. ಆ ದಿನದಿಂದ ನಾನು ಕಾಫಿ ಕ್ಲಬ್ಬಿನಲ್ಲಿ ಅಣಕಿಸುವುದನ್ನು ಬಿಟ್ಟೆ. ಪೂರ್ತಿ ಬಿಟ್ಟೆ ಅಂದರೆ ಸುಳ್ಳಾಗುತ್ತದೆ, ಕಡಿಮೆ ಮಾಡಿದೆ.

ಹೀಗಿರುವಾಗ ಕಲ್ಯಾಣದುರ್ಗದ ಕಡೆ ದನಗಳಿಗೆ ದೊಡ್ಡರೋಗ ಕಾಣಿಸಿಕೊಂಡಿತು. ಸಂತೆಗೆ ಬರುವ ಎತ್ತುಗಳಿಗೆಲ್ಲ ಸೂಜಿ ಹಾಕಿ ಬನ್ನಿ ಅಂತ ಮೇಲಿನಿಂದ ಅಪ್ಪಣೆ ಆಯಿತು. ಡಾಕ್ಟರು, ಅವರ ಹಿಂದೆ ಔಷಧಿ ಪೆಟ್ಟಿಗೆ ತಬ್ಬಿಕೊಂಡು ನಾನು, ಹೀಗೆ ಗಾಡಿಯಲ್ಲಿ ಹೋದೆವು. ಎತ್ತು ಹಿಡಿಯಲು ನರ್ಸಿಮ್ಲು ಬೇಕೇ ಬೇಕಲ್ಲ, ಅವನು ಬಸ್ಸಿನಲ್ಲಿ ಬಂದ.

ದನದ ಸಂತೆ ಅಂದರೆ ನೋಡಿದವರಿಗೇ ಗೊತ್ತು. ಬಯಲಿನ ತುಂಬ ಎತ್ತು, ಧೂಳು, ತುಂಡುಬಟ್ಟೆಯ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ವ್ಯಾಪಾರ ಮಾಡುವ ದಲ್ಲಾಳಿಗಳು. ಸೊಗಸಿಗೆ ಅಂತ ಪ್ರತಿ ಎತ್ತಿನ ಕೊರಳಿಗೂ ಗಂಟೆ. ಗಾಡಿ ಕಟ್ಟಲು ಒಂದು ಗೂಟ ಖಾಲಿ ಇರಲಿಲ್ಲ. ಡಾಕ್ಟರು ಬಯಲಿನ ಅಂಚಿನ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಮರ ಸರಪಳಿಗೆ ಮೀರಿದ ದಪ್ಪ. ಸರಿ, ಎರಡೂ ಚಕ್ರಗಳನ್ನೇ ಸರಪಳಿಯಿಂದ ಬಿಗಿದು ಬೀಗ ಹಾಕಿದರು, ವೈರು ಕಿತ್ತು ಜೇಬಿಗೆ ಇಳಿಸಿದರು, ಗಂಟೆಗಳ ಪಟ್ಟಿ ಬಿಚ್ಚಿದರು. ಹತ್ತು ಹೆಜ್ಜೆ ನಡೆದು ತಿರುಗಿ ಬಂದು ಜಗ್ಗಿ ನೋಡಿದರು. ಗಂಟೆಗಳು ಘಲ್ ಅಂದವು. ನೆಮ್ಮದಿಯಿಂದ ಹೋಗಿ ಸೂಜಿ ಹಿಡಿದರು. ಒಂದು ಸಾವಿರ ಗಂಟೆಗಳ ನಡುವೆ ಏಳು ಗಂಟೆ ಕಾವಲಿಟ್ಟು ಬಂದಿದ್ದೇವೆ ಅಂತ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಎತ್ತಿನ ಗಂಟೆ ಕೇಳಿ ಕೇಳಿ ನಮ್ಮ ಕಿವಿಗೆ ಅದು ಸದ್ದು ಅಂತಲೇ ಅನ್ನಿಸುವುದಿಲ್ಲ, ಅದೇ ಆದ ಎಡವಟ್ಟು.

ಮಧ್ಯಾಹ್ನದ ಹೊತ್ತಿಗೆ, ಒಂದು ಹೋರಿಗೆ ಸೂಜಿ ಚುಚ್ಚುತ್ತಿದ್ದ ಡಾಕ್ಟರು ತಟಕ್ಕನೆ ತಲೆ ಎತ್ತಿದರು. ಸ್ವಲ್ಪ ಹೊತ್ತು ಆಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾರ ಜೋಡೀನಯ್ಯ ಅದು, ಗಂಟೆ ಬಲು ಚೆನ್ನಾಗೈತೆ" ಅಂದರು. ಹೌದು ಸಾರ್, ಒಳ್ಳೆ ಕಂಚು ಅಂತ ನಾನೂ ತಲೆದೂಗಿದೆ. ಸದ್ದು ಹಾಗೇ ದೂರ ಹೋಯಿತು. ನಾವು ಮುಂದಿನ ಹೋರಿ ಹಿಡಿದೆವು.

ಹೊತ್ತು ವಾಲಿದ ಮೇಲೆ ಹೋಗಿ ನೋಡಿದರೆ ಬೇವಿನ ಮರದ ಕೆಳಗೆ ಎಣ್ಣೆ ಜಿನುಗಿದ ಒಂದು ಕಲೆ, ಅದರ ಪಕ್ಕ ಎತ್ತಿನ ಗಾಡಿಯ ಚಕ್ರದ ಗುರುತು. ನಾಲ್ಕು ಜನ ಎತ್ತಿ ಎತ್ತಿನ ಗಾಡಿಗೆ ಹಾಕಿ ಮೇಲೆ ಹುಲ್ಲು ಮುಚ್ಚಿಕೊಂಡು ಹೋಗಿದ್ದರು, ಬೀಗ ಸಮೇತ, ಸರಪಳಿ ಸಮೇತ. ಡಾಕ್ಟರು ಆ ಕಲೆಯನ್ನೇ ನೋಡುತ್ತ ನಿಂತರು. ಅವರ ಮುಖ ಬಿಳುಚಿಕೊಂಡಿದ್ದು ಗಾಡಿಗಾಗಿ ಅಂತ ಸುತ್ತ ನೆರೆದ ಜನ ಅಯ್ಯೋ ಪಾಪ ಅಂದರು. ನಾನು ನರ್ಸಿಮ್ಲು ಕಡೆ ನೋಡಿದೆ. ಅವನು ಹಗ್ಗ ಸುತ್ತುತ್ತಿದ್ದ, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ಸಂತೆಯ ಬಂದೋಬಸ್ತಿಗೆ ಎಲ್ಲಿಂದಲೋ ಬಂದಿದ್ದ ದಫೇದಾರನೊಬ್ಬ ಗುಂಪು ಸೀಳಿಕೊಂಡು ಬಂದ. ಕೆಟ್ಟವನೇನಲ್ಲ, ಕೆಲಸದಲ್ಲಿ ಚುರುಕಿನವನು. ಬಂದವನೇ ಡಾಕ್ಟರನ್ನು ಏನಾಯಿತು ಅಂತ ಕೇಳಿದ, ಉತ್ತರ ಬರುವ ಮೊದಲೇ ಅವನ ಕಣ್ಣು ನರ್ಸಿಮ್ಲು ಮೇಲೆ ನಿಂತಿತು. ಈ ಮನುಷ್ಯ ಯಾರು, ಯಾವ ಊರು, ಯಾವ ಕುಲ ಅಂತ ತೆಲುಗಿನಲ್ಲಿ ವಿಚಾರಿಸಿದ. ನರ್ಸಿಮ್ಲು ಕುಲ ಹೇಳಿದ. ದಫೇದಾರ ನಿಧಾನಕ್ಕೆ ಜೇಬಿನಿಂದ ಪುಸ್ತಕ, ಪೆನ್ಸಿಲ್ಲು ತೆಗೆದ. ನೀವು ಒಂದು ಕಂಪ್ಲೇಂಟು ಬರೆದುಕೊಡಿ ಡಾಕ್ಟರೇ, ಉಳಿದದ್ದು ನನಗೆ ಬಿಡಿ ಅಂದ.

ಡಾಕ್ಟರು ಗಂಟಲು ಸರಿಮಾಡಿಕೊಂಡು, "ಕಳುವಾಗಿಲ್ಲ. ನಾನೇ ಕೊಟ್ಟು ಕಳಿಸ್ದೆ. ನನ್ನ ಷಡ್ಡಕ ಬಂದಿದ್ದ, ಅವನಿಗೆ" ಅಂದರು.

ಜೀವಮಾನದಲ್ಲಿ ಒಂದು ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಮೊದಲನೆಯದನ್ನೇ ಇಷ್ಟು ದೊಡ್ಡದಾಗಿ ಹೇಳಿಬಿಟ್ಟರು. ಅಮ್ಮನವರು ತಂದೆಗೆ ಒಬ್ಬಳೇ ಮಗಳು. ಹೆಂಡತಿಗೆ ಅಕ್ಕತಂಗಿಯರೇ ಇಲ್ಲದ ಮೇಲೆ ಷಡ್ಡಕ ಎಲ್ಲಿಂದ ಬರಬೇಕು? ದಫೇದಾರನಿಗೆ ಅದು ಗೊತ್ತಿರಲಿಲ್ಲ, ಆದರೆ ಕಣ್ಣಿತ್ತು. ಡಾಕ್ಟರ ಸೊಂಟದಲ್ಲಿ ನೇತಾಡುತ್ತಿದ್ದ ಬೀಗದಕೈ ಗೊಂಚಲನ್ನು ಪೆನ್ಸಿಲ್ಲಿನಿಂದ ತೋರಿಸಿದ. ಗಾಡಿ ಕೊಟ್ಟವರು ಬೀಗದಕೈ ಯಾಕೆ ಕೊಡಲಿಲ್ಲ? ಷಡ್ಡಕ ಮರೆತು ಹೋದ ಅಂದರು ಡಾಕ್ಟರು. ಬೀಗ ಹಾಕಿದ ಗಾಡಿ ಹೇಗೆ ಹೋಯಿತು? ಎತ್ತಿನ ಗಾಡಿಯಲ್ಲಿ ಹೋಯಿತು. ಮೋಟಾರ್ ಸೈಕಲ್ಲು ಇರುವಾಗ ಎತ್ತಿನ ಗಾಡಿ ಯಾಕೆ? ಪೆಟ್ರೋಲು ಉಳಿಯಲಿ ಅಂತ. ಜೇಬಿನಿಂದ ಇಣುಕುತ್ತಿದ್ದ ಕರಿ ವೈರನ್ನು ನೋಡಿ ದಫೇದಾರ, ಇದೇನು ಅಂದ. ಡಾಕ್ಟರು ಅದನ್ನು ಒಳಕ್ಕೆ ತುರುಕಿಕೊಳ್ಳುತ್ತ, ದನಕ್ಕೆ ಕಟ್ಟೋ ದಾರ ಅಂದರು. ಕಳ್ಳನಿಗೆ ಅಂತ ವರ್ಷಗಟ್ಟಲೆ ಕೂತು ಮಾಡಿದ ಏರ್ಪಾಡುಗಳೆಲ್ಲ ಸಾಲಾಗಿ ನಿಂತು ಕಳುವಾದದ್ದು ನಿಜ ಅಂತ ಅವರ ಎದುರಿಗೇ ಸಾಕ್ಷಿ ಹೇಳುತ್ತಿದ್ದವು. ಡಾಕ್ಟರು ಒಂದೊಂದನ್ನೂ ಬೆವರು ಒರೆಸಿಕೊಳ್ಳುತ್ತ ಸುಳ್ಳು ಮಾಡುತ್ತಿದ್ದರು. ಜನರಿಗೆ ನಗು ತಡೆಯಲಾಗುತ್ತಿರಲಿಲ್ಲ. ನನಗೂ ನಗು ಬಂತು, ಅದೇ ಹೊತ್ತಿಗೆ ಕಣ್ಣೂ ತುಂಬಿತು, ಎರಡನ್ನೂ ಔಷಧಿ ಪೆಟ್ಟಿಗೆಯ ಹಿಂದೆ ಮುಚ್ಚಿಕೊಂಡೆ.

ಕೊನೆಗೆ ದಫೇದಾರ ದನಿ ತಗ್ಗಿಸಿ, ಇದನ್ನು ಬರೆದುಕೊಂಡರೆ ನಾಳೆ ನಿಮ್ಮ ಗಾಡಿ ಯಾರ ಮನೆಯ ಮುಂದೆ ನಿಂತಿದ್ದರೂ ನಾನು ಮುಟ್ಟುವ ಹಾಗಿಲ್ಲ, ಯೋಚನೆ ಮಾಡಿ ಅಂದ. ಬರೆದುಕೊಳ್ಳಿ ಅಂದರು ಡಾಕ್ಟರು. ಅವನು ಬರೆದ. ಸ್ವಂತ ಇಷ್ಟದಿಂದ ಷಡ್ಡಕನಿಗೆ ಕೊಟ್ಟದ್ದು, ಯಾರ ಮೇಲೂ ದೂರಿಲ್ಲ. ಡಾಕ್ಟರು ಕೆಳಗೆ ಸಹಿ ಹಾಕಿದರು. ಮೂವರೂ ಬಸ್ಸಿನಲ್ಲಿ ಹಿಂದೂಪುರಕ್ಕೆ ಬಂದೆವು.

ಆಮೇಲೆ ಡಾಕ್ಟರು ನನ್ನ ಸೈಕಲ್ಲಿನ ಹಿಂದೆ ಕೂತು ಹಳ್ಳಿಗಳಿಗೆ ಬರತೊಡಗಿದರು. ಏರಿನಲ್ಲಿ ಇಳಿದು ತಳ್ಳುತ್ತಿದ್ದರು, ತುಳಿಯುವವನಿಗೆ ಉಪದೇಶವನ್ನೂ ಕೊಡುತ್ತಿದ್ದರು. ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಆಸ್ಪತ್ರೆಯ ಮುಂದೆ ಕಡಲೆಕಾಯಿ ಮೂಟೆ ತುಂಬಿದ ಲಾರಿ ಬಂದು ನಿಂತಿತು. ಮೂಟೆಗಳ ಮೇಲೆ ನಮ್ಮ ಪಾಚಿ ಬಣ್ಣದ ಗಾಡಿ ಅಡ್ಡ ಮಲಗಿತ್ತು, ಮೂರೂ ಬೀಗ ಹಾಗೇ ಇದ್ದವು. ಮುಂದಿನಿಂದ ಇಳಿದವನು ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ಬೆರಳಿಗೆ ಉಂಗುರ. ಕಲ್ಯಾಣದುರ್ಗದ ಆಚೆ ಯಾವುದೋ ಹಳ್ಳಿಯ ಜಮೀನ್ದಾರ ಕುಳ, ಪಂಚಾಯ್ತಿ ಕಟ್ಟೆಯ ಮೇಲೆ ಕೂತು ನಾಲ್ಕು ಜನಕ್ಕೆ ನ್ಯಾಯ ಹೇಳುವವನು. ಯಾವ ಠಾಣೆಯ ಯಾವ ಪುಸ್ತಕದಲ್ಲೂ ಅವನ ಕುಲದ ಹೆಸರು ಇರುವಂತಿರಲಿಲ್ಲ.

ಅವನಿಗೆ ಗಾಡಿಯ ಮೇಲೆ ಆಸೆ ಆಗಿತ್ತು, ಹೊತ್ತುಕೊಂಡು ಹೋಗಿದ್ದ. ಊರಿನ ಕಮ್ಮಾರ ಎರಡು ಅರ ಮುರಿದುಕೊಂಡರೂ ಬೀಗ ಜಗ್ಗಿರಲಿಲ್ಲ. ಚೀಲದಲ್ಲಿ ಸಿಕ್ಕ ಉದ್ದ ಕತ್ತಿನ ಬೀಗದಕೈಯನ್ನು ಎರಡು ತಿಂಗಳು ತಿರುಗಿಸಿದ್ದ. ಆಮೇಲೆ ಸಂತೆಯ ಸುದ್ದಿ ಕಿವಿಗೆ ಬಿತ್ತು. ಈಗ ನೇರ ಡಾಕ್ಟರ ಮೇಜಿನ ಮುಂದೆ ಬಂದು ಕಾಲು ಚಾಚಿ ಕೂತ.

"ಗಾಡಿ ಷಡ್ಡಕನಿಗೆ ಕೊಟ್ಟಿದ್ದು ಅಂತ ದಫೇದಾರ್ರ ಪುಸ್ತಕದಾಗೆ ನೀವೇ ಸಹಿ ಹಾಕಿದ್ದೀರಂತೆ. ಆ ಷಡ್ಡಕ ನಾನೇ ಅಂದ್ಕಳ್ಳಿ," ಅಂದ. "ಬೀಗದಕೈನೂ ಕೊಟ್ಬುಡಿ, ಹೋಯ್ತೀನಿ."

ನನ್ನ ಮೈಯೆಲ್ಲ ಉರಿದುಹೋಯಿತು. ಡಾಕ್ಟರು ಮಾತ್ರ ಒಂದು ಕ್ಷಣ ಗೇಟಿನ ಕಡೆ ನೋಡಿದರು. ಅಲ್ಲಿ ನರ್ಸಿಮ್ಲು ಲಾರಿಯಿಂದ ಗಾಡಿ ಇಳಿಸಲು ಕೈ ಕೊಡುತ್ತಿದ್ದ. ಈಗ ಕಳ್ಳ ಅಂತ ಕೂಗಿದರೆ, ಈ ಉಂಗುರದವನನ್ನು ಯಾರೂ ಮುಟ್ಟುವುದಿಲ್ಲ, ನೀನು ಇವನಿಗೆ ಆಳಾಗಿದ್ದೆಯಾ ಅಂತ ಹಿಡಿಯುವುದು ಆ ಬಡವನನ್ನೇ. ಇದು ನನಗೂ ತಿಳಿಯಿತು. ಡಾಕ್ಟರು ಎದ್ದು, ಕೊಟ್ಟದ್ದು ಕೊಟ್ಟದ್ದೇ, ಆದರೆ ಷಡ್ಡಕ ಮನೆಬಾಗಿಲಿಗೆ ಬಂದು ಊಟ ಮಾಡದೆ ಹೋದರೆ ಹೆಂಡತಿ ನನ್ನನ್ನು ಸುಮ್ಮನೆ ಬಿಡುವುದಿಲ್ಲ ಅಂತ ಅವನ ಕೈ ಹಿಡಿದುಕೊಂಡು ಹಿಂದಿನ ಬೀದಿಯ ತಮ್ಮ ಮನೆಗೆ ನಡೆದರು. ನಾನೂ ಹಿಂದೆ ಹೋದೆ. ಇಂಥದ್ದನ್ನು ಬಿಡಲು ನನಗೇನು ಹುಚ್ಚೇ?

ಅಮ್ಮನವರಿಗೆ ಸಂತೆಯ ಕತೆ ಗೊತ್ತಿತ್ತು. ಬಾಗಿಲಲ್ಲಿ 'ಷಡ್ಡಕ ಬಂದವ್ನೆ' ಅಂತ ಕೇಳಿದ್ದೇ ಅವರು ಒಂದು ಸಲ ಗಂಡನ ಮುಖ, ಒಂದು ಸಲ ಬಂದವನ ಮುಖ ನೋಡಿ ಸೆರಗು ಸರಿ ಮಾಡಿಕೊಂಡರು. ಕಾಲಿಗೆ ನೀರು ಕೊಟ್ಟರು. ಎಲೆ ಹಾಕಿದರು. ಬಿಸಿ ಮುದ್ದೆ, ಅವರೆಕಾಳಿನ ಸಾರು, ಮೇಲೆ ಮಿಳ್ಳೆ ತುಂಬ ತುಪ್ಪ. ಡಾಕ್ಟರು ಬೀಗದಕೈ ಗೊಂಚಲನ್ನೂ ಆ ಕರಿ ವೈರನ್ನೂ ಅವನ ಎಲೆಯ ಪಕ್ಕದಲ್ಲಿ ಇಟ್ಟು ತಾವೂ ಉಣ್ಣಲು ಕೂತರು. ಅವನು ಮೊದಲ ತುತ್ತು ಎತ್ತಿದಾಗ ಅಮ್ಮನವರು ತುಪ್ಪ ಬಡಿಸುತ್ತ ಬಲು ಅಕ್ಕರೆಯಿಂದ ಕೇಳಿದರು.

"ನಮ್ಮಪ್ಪನಿಗೆ ನಾನೊಬ್ಳೇ ಮಗಳು ಅಂದ್ಕೊಂಡಿದ್ದೆ. ನನ್ನ ತಂಗಿ ಚೆನ್ನಾಗವ್ಳಾ, ಭಾವನೋರೇ?"

ಅವನು ನುಂಗಿದ ಮುದ್ದೆ ಎದೆಯಲ್ಲೇ ನಿಂತಿತು. ನೀರು ಕುಡಿದ. ಚೆನ್ನಾಗವ್ಳೆ ಅಂದ, ಇನ್ನೇನು ಅನ್ನುವುದಕ್ಕಿತ್ತು? ಅಮ್ಮನವರು ಬಿಡಲಿಲ್ಲ. ತಂಗಿಗೆ ಮಕ್ಕಳೆಷ್ಟು, ಸೊಂಟನೋವು ಏನಾದರೂ ಇದೆಯೆ, ಅತ್ತೆ ಒಳ್ಳೆಯವಳೆ, ಒಂದೂ ಬಿಡದೆ ವಿಚಾರಿಸಿದರು. ಅವನು ತಲೆ ಬಗ್ಗಿಸಿ ಒಂದೊಂದಕ್ಕೂ ಉತ್ತರ ಕೊಡುತ್ತ ಹೋದ, ತನ್ನ ಮನೆಯ ನಿಜವನ್ನೇ ಹೇಳುತ್ತ ಹೋದ. ಊಟ ಮುಗಿದ ಮೇಲೆ ಅಮ್ಮನವರು ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಲೆಅಡಿಕೆ, ಒಂದು ಹಸಿರು ರವಿಕೆ ಕಣ ಇಟ್ಟು, ನನ್ನ ತಂಗಿಗೆ ಕೊಡಿ, ತವರಿನದು ಅಂತ ಹೇಳಿ ಅಂದರು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಆ ಕೈಯಲ್ಲಿ ಬೀಗದಕೈ ಹಿಡಿದುಕೊಳ್ಳಲು ಜಾಗ ಇರಲಿಲ್ಲ. ಹೊಸ್ತಿಲು ದಾಟಿದವನು ತಿರುಗಿ ಬಂದು ಅಮ್ಮನವರ ಕಾಲು ಮುಟ್ಟಿದ. ಲಾರಿ ಹತ್ತುವಾಗ ಗಾಡಿಯ ಕಡೆ ನೋಡಲೂ ಇಲ್ಲ.

ಮುಂದಿನ ಸಂಕ್ರಾಂತಿಗೆ ಹಸಿರು ರವಿಕೆ ತೊಟ್ಟ ಹೆಂಗಸೊಬ್ಬಳು ಒಂದು ಮೂಟೆ ಕಡಲೆಕಾಯಿ ಇಳಿಸಿಕೊಂಡು, ಅಕ್ಕಾ ಅಂತ ಕೂಗುತ್ತ ಡಾಕ್ಟರ ಮನೆಗೆ ಬಂದಳು. ಗಂಡ ಅವಳಿಗೆ ಏನಂತ ಹೇಳಿದ್ದನೋ ಗೊತ್ತಿಲ್ಲ. ಅಮ್ಮನವರೂ ಕೇಳಲು ಹೋಗಲಿಲ್ಲ. ಆಮೇಲೆ ವರ್ಷ ವರ್ಷ ಬರುತ್ತಿದ್ದಳು, ತಿಥಿಗೂ ಬಂದು ಅಡಿಗೆಮನೆಯಲ್ಲಿ ನಿಂತು ಅತ್ತಳು.

ಆದರೆ ನಾನು ಬರೆಯಲು ಕೂತದ್ದು ಆ ಗಾಡಿ ವಾಪಸು ಬಂದ ದಿನದ ಸಂಜೆಯನ್ನು. ಬಿಸಿಲು ಇನ್ನೂ ಇತ್ತು. ಡಾಕ್ಟರು ಅಂಗಳದಲ್ಲಿ ಗಾಡಿಯ ಧೂಳು ಒರೆಸುತ್ತಿದ್ದರು, ನಾನು ಬಕೆಟ್ಟಿನಲ್ಲಿ ನೀರು ಕೊಡುತ್ತಿದ್ದೆ. ನರ್ಸಿಮ್ಲು ಬಂದು ಸ್ವಲ್ಪ ದೂರದಲ್ಲಿ ನಿಂತ. ಆ ಎರಡು ತಿಂಗಳು ಅವನು ಡಾಕ್ಟರ ಮುಖವನ್ನು ಸರಿಯಾಗಿ ನೋಡಿರಲಿಲ್ಲ ಅನ್ನುವುದು ನನಗೆ ಆಗಲೇ ಹೊಳೆದದ್ದು.

"ಸಾಮಿ, ಗಾಡಿ ನಾನ್ ತಗಂಡಿಲ್ಲ ಅಂತ ಇವತ್ತು ಎಲ್ರಿಗೂ ಗೊತ್ತಾಯ್ತು," ಅಂದ. "ಅವತ್ತು ನಿಮಗೇ ಗೊತ್ತಿರಲಿಲ್ಲ. ಎರಡು ತಿಂಗಳು ಆಯ್ತು, ನೀನೇನ್ಲಾ ತಗಂಡೆ ಅಂತ ನನ್ನ ಒಂದು ಮಾತು ಕೇಳ್ಲಿಲ್ಲ. ಎಂದುಕು ಸಾಮಿ? ಯಾಕೆ ಕೇಳ್ಲಿಲ್ಲ?"

ಡಾಕ್ಟರು ಒರೆಸುವ ಬಟ್ಟೆಯನ್ನು ಹಿಂಡಿದರು.

"ಕೇಳಿದ್ರೆ ನೀನು ಹೂಂ ಅಂದ್ಬಿಡ್ತಿದ್ದೆ ಕಣಪ್ಪ."

ನರ್ಸಿಮ್ಲು ಗಾಡಿಯ ಹತ್ತಿರ ಬಂದ. ಆಮೇಲೆ ಔನು ಸಾಮಿ, ಅಂದ್ಬುಡ್ತಿದ್ದೆ ಅಂದ. ಅಂದು, ಡಾಕ್ಟರ ಕೈಯಿಂದ ಬಟ್ಟೆ ತೆಗೆದುಕೊಂಡು ಹಿಂದಿನ ಚಕ್ರ ಒರೆಸಲು ಕೂತ.